ಮಾತು ಮೊದಲು, ಗೊಂಬೆ ಆಮೇಲೆ

ಕೊಪ್ಪಳದ ಯಾವುದಾದರೂ ಓಣಿಯಲ್ಲಿ ಸಂಜೆ ಹೊತ್ತು ಹುಡುಗರು ಆಡುವುದನ್ನು ಸ್ವಲ್ಪ ನಿಂತು ಕೇಳಿ. ಒಬ್ಬ ಛೋಟಾ ಭೀಮ್ ಆಗಿರುತ್ತಾನೆ, ಇನ್ನೊಬ್ಬ ರಾಕ್ಷಸ. ಭೀಮ ಕೈ ಎತ್ತಿ, ‘ನಿಲ್ಲು! ನಾನು ನಿನ್ನನ್ನು ಸುಮ್ಮನೆ ಬಿಡುವುದಿಲ್ಲ’ ಎನ್ನುತ್ತಾನೆ. ಅಕ್ಷರಕ್ಕೆ ಅಕ್ಷರ ಪುಸ್ತಕದ ಕನ್ನಡ. ರಾಕ್ಷಸನೂ ಅದೇ ಕನ್ನಡದಲ್ಲಿ ಉತ್ತರ ಕೊಡುತ್ತಾನೆ, ನಡುನಡುವೆ ಹಿಂದಿ ಬೆರೆಸಿ. ಎರಡು ನಿಮಿಷಕ್ಕೆ ಆಟ ಕೆಡುತ್ತದೆ, ಜಗಳ ಶುರುವಾಗುತ್ತದೆ. ಆ ಕ್ಷಣದಲ್ಲಿ ಅದೇ ಬಾಯಿಂದ, ‘ಲೇ, ನೀ ಆಗ್ಲೇ ಭೀಮ ಆಗಿದ್ದಿ, ಈಗ ನಂದ್ ಪಾಳಿ ಐತಿ’ ಎಂಬ ಮಾತು ಬರುತ್ತದೆ. ರಾಯಚೂರಿನ ಓಣಿಯಲ್ಲಾದರೆ ಜಗಳಕ್ಕೆ ತೆಲುಗೂ ಸೇರಿಕೊಳ್ಳುತ್ತದೆ. ಮಕ್ಕಳಿಗೆ ಎರಡೂ ಮಾತು ಬರುತ್ತವೆ, ಅದು ಒಳ್ಳೆಯದೇ. ಕಾಡುವ ಸಂಗತಿ ಬೇರೆ: ಕಾರ್ಟೂನಿನೊಳಗೆ ಆಡುವ ಮಾತು ಯಾವುದು, ಕಾರ್ಟೂನಿನ ಹೊರಗೆ ಆಡುವ ಮಾತು ಯಾವುದು ಎಂದು ಆರೇಳು ವರ್ಷಕ್ಕೇ ಅವರು ಗೆರೆ ಎಳೆದುಬಿಟ್ಟಿರುತ್ತಾರೆ. ಮನೆಯ ಮಾತು ಜಗಳಕ್ಕೆ, ಊಟಕ್ಕೆ, ಅಳುವುದಕ್ಕೆ. ಸಾಹಸಕ್ಕೆ ಮಾತ್ರ ಬೇರೆ ಮಾತು.

ಇದಕ್ಕೆ ಎಲ್ಲರೂ ಕೊಡುವ ಕಾರಣ, ಎಲ್ಲ ಬೆಂಗಳೂರಿನಲ್ಲಿ ತಯಾರಾಗುತ್ತದೆ ಎನ್ನುವುದು. ಅದರಲ್ಲಿ ನಿಜ ಇದೆ, ಆದರೆ ಪೂರ್ತಿ ನಿಜ ಅಷ್ಟರಲ್ಲೇ ಇಲ್ಲ. ಅನಿಮೇಷನ್ ಹೇಗೆ ತಯಾರಾಗುತ್ತದೆ ಎಂಬುದರ ಒಳಗೇ ಇನ್ನೊಂದು ಕಾರಣ ಕೂತಿದೆ. ಮಾತು ಮೊದಲು ಬರುತ್ತದೋ ಚಿತ್ರ ಮೊದಲು ಬರುತ್ತದೋ ಎಂಬ ಸರದಿಯ ಪ್ರಶ್ನೆ ಅದು.

ತುಟಿ ಮುಚ್ಚುವ ಜಾಗ

ಅಮೆರಿಕದ ದೊಡ್ಡ ಸ್ಟುಡಿಯೋಗಳ ಅನಿಮೇಷನ್‌ನಲ್ಲಿ ಧ್ವನಿ ಮೊದಲು. ನಟರು ಮಾತನ್ನು ರೆಕಾರ್ಡ್ ಮಾಡಿ ಹೋದ ಮೇಲೆ, ಆ ಧ್ವನಿಯನ್ನು ಚೌಕಟ್ಟು ಚೌಕಟ್ಟಾಗಿ (ಫ್ರೇಮ್ ಫ್ರೇಮಾಗಿ) ಒಡೆದು ಬರೆದುಕೊಂಡು ಚಿತ್ರ ಬರೆಯುವವರು ತುಟಿ ಕೂಡಿಸುತ್ತಾರೆ. ಒಂದು ಸೆಕೆಂಡಿಗೆ 24 ಚೌಕಟ್ಟು. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟು ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ ಸಾಕು. ಜಪಾನಿನಲ್ಲಿ ಸಾಮಾನ್ಯವಾಗಿ ಇದರ ತಿರುವುಮುರುವು: ಚಿತ್ರ ಮೊದಲು, ಧ್ವನಿ ಕೊನೆಗೆ. ಅದಕ್ಕೇ ಅಲ್ಲಿನ ಟಿವಿ ಸರಣಿಗಳಲ್ಲಿ ಬಾಯಿಗೆ ಬಹಳ ಸಲ ಮೂರೇ ಆಕಾರ: ಮುಚ್ಚಿದ್ದು, ಅರ್ಧ ತೆರೆದದ್ದು, ಪೂರ್ತಿ ತೆರೆದದ್ದು. ಡೋರೆಮಾನ್ ಯಾವ ಭಾಷೆಯಲ್ಲಿ ಮಾತಾಡಿದರೂ ಒಪ್ಪುವ ಹಾಗೆ ಕಾಣುವುದರ ಗುಟ್ಟು ಇದರಲ್ಲಿದೆ. ಇಂಗ್ಲಿಷ್ ಧ್ವನಿಗೆ ತುಟಿ ಕೂಡಿಸಿ ಬರೆದ ಚಿತ್ರಕ್ಕೆ ಕನ್ನಡ ಹಾಕುವಾಗ ಮಾತ್ರ ನಿಜವಾದ ತೊಂದರೆ ಶುರುವಾಗುತ್ತದೆ.

‘ಕಮ್ ಹೋಮ್’ ಎಂದು ಇಂಗ್ಲಿಷಿನಲ್ಲಿ ಅಂದಾಗ ತುಟಿ ಎರಡು ಸಲ ಕೂಡುತ್ತದೆ, ಮಾತು ಮುಗಿಯುವುದೂ ಮುಚ್ಚಿದ ತುಟಿಯಲ್ಲೇ. ‘ಮನೆಗೆ ಬಾ’ ಎಂದು ಕನ್ನಡದಲ್ಲಿ ಅಂದರೆ ಶುರುವಿನ ‘ಮ’ದಲ್ಲಿ ಒಂದು ಸಲ, ‘ಬ’ದಲ್ಲಿ ಒಂದು ಸಲ ತುಟಿ ಕೂಡಿ, ಕೊನೆಗೆ ‘ಆ’ ಎಂದು ಬಾಯಿ ಅಗಲವಾಗಿ ತೆರೆದೇ ಉಳಿಯುತ್ತದೆ. ತೆರೆಯ ಮೇಲೆ ಪಾತ್ರ ಬಾಯಿ ಮುಚ್ಚಿ ಆಗಿದೆ, ಕನ್ನಡದ ‘ಆ’ ಇನ್ನೂ ಕೇಳುತ್ತಿದೆ. ನಮ್ಮ ಮಾತುಗಳು ಬಹುಪಾಲು ಸ್ವರದಲ್ಲೇ ಮುಗಿಯುವುದರಿಂದ ಈ ಗಂಟು ಸಾಲು ಸಾಲಿಗೂ ಎದುರಾಗುತ್ತದೆ. ಎರಡನೆಯ ಗಂಟು ಉದ್ದದ್ದು. ‘ಐ ಆಮ್ ಕಮಿಂಗ್’ ಎಂದರೆ ನಾಲ್ಕು ಉಚ್ಚಾರ. ‘ನಾನು ಈಗಲೇ ಬರುತ್ತಿದ್ದೇನೆ’ ಎಂದರೆ ಹತ್ತು ಅಕ್ಷರ. ಒಂದು ಸೆಕೆಂಡಿನ ಜಾಗದಲ್ಲಿ ಹತ್ತು ಅಕ್ಷರ ತುರುಕಲು ಹೋದರೆ, ಡಬ್ಬಿಂಗ್ ಕಾರ್ಟೂನಿನಲ್ಲಿ ಎಲ್ಲರೂ ಕೇಳಿರುವ ಆ ಓಡುವ, ಏದುಸಿರಿನ, ಏರಿಳಿತವಿಲ್ಲದ ಧಾಟಿ ಬರುತ್ತದೆ. ಅದು ಧ್ವನಿ ಕೊಟ್ಟವರ ತಪ್ಪಲ್ಲ. ಸಾಲು ಬರೆದಾಗಲೇ ಅವರ ಉಸಿರು ಕಟ್ಟಿರುತ್ತದೆ.

ಈಗ ಅದೇ ಜಾಗಕ್ಕೆ ನಮ್ಮ ಕಡೆಯ ‘ಬಂದೆ ತಡಿ’ ಇಟ್ಟು ನೋಡಿ. ನಾಲ್ಕೇ ಅಕ್ಷರ, ಅಳತೆಗೆ ಹೊಲಿದ ಹಾಗೆ ಕೂಡುತ್ತದೆ. ‘ಏನು ಮಾಡುತ್ತಿದ್ದೀಯ’ ಏಳು ಅಕ್ಷರ, ‘ಏನ್ ಮಾಡಾಕತ್ತಿ’ ಐದು ಬಡಿತ. ಈ ಸೀಮೆಯ ಮಾತು ಪದದ ನಡುವೆ ಸ್ವರ ನುಂಗಿ, ಕೊನೆಯಲ್ಲಿ ಒತ್ತಿ ನಿಲ್ಲುತ್ತದೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಮಾತು ಕಾರ್ಟೂನಿಗೆ ಬೇಕು ಎನ್ನುವುದಕ್ಕೆ ಅಭಿಮಾನದ ಕಾರಣ ಇದ್ದೇ ಇದೆ. ಅದರ ಜೊತೆಗೆ, ಚೌಕಟ್ಟಿನ ಲೆಕ್ಕಕ್ಕೂ ಅದು ಸಲೀಸು ಎಂಬುದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಪುರಾಣದ ಕಥೆಗೆ ಗ್ರಾಂಥಿಕ ಮಾತು ಒಪ್ಪುತ್ತದೆ. 2025ರ ಜುಲೈನಲ್ಲಿ ‘ಮಹಾವತಾರ ನರಸಿಂಹ’ ಕನ್ನಡದಲ್ಲೂ ಬಂದಾಗ ಮನೆಮಂದಿಯೆಲ್ಲ ಮಕ್ಕಳನ್ನು ಕಟ್ಟಿಕೊಂಡು ಚಿತ್ರಮಂದಿರಕ್ಕೆ ಹೋದರು. ಅಲ್ಲಿ ಆ ಗತ್ತು ಬೇಕಿತ್ತು. ಕಾಗೆ, ಗುಬ್ಬಿ, ಇಲಿ, ಪಕ್ಕದ ಮನೆಯ ಹುಡುಗ ಇವರಿಗೇಕೆ ಆ ಗತ್ತು?

ಪರದೆಯ ಹಿಂದೆ ಆಗಲೇ ಗೊತ್ತಿದ್ದದ್ದು

ಕೊಪ್ಪಳ ತಾಲ್ಲೂಕಿನ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ತೊಗಲುಗೊಂಬೆಯ ಸುದ್ದಿ ಕೆಲವು ದಿನ ಎಲ್ಲರ ಬಾಯಲ್ಲಿತ್ತು. ಬಳ್ಳಾರಿಯಲ್ಲಿ ಬೆಳಗಲ್ಲು ವೀರಣ್ಣ 2023ರಲ್ಲಿ ತೀರಿಕೊಳ್ಳುವವರೆಗೂ ಇದೇ ಕಲೆಯನ್ನು ಊರೂರಿಗೆ ಹೊತ್ತವರು. ಇವರ ಕಲೆಯನ್ನು ‘ಹಳೆಯ ಕಾಲದ ಸಿನಿಮಾ’ ಎಂದು ಹೊಗಳಿ ಮುಂದೆ ಹೋಗುವುದು ವಾಡಿಕೆ. ಅನಿಮೇಷನ್ ಮಾಡುವವರ ಕಣ್ಣಿಂದ ನೋಡಿದರೆ ಅಲ್ಲಿ ಕಲಿಯುವುದು ಹೊಗಳಿಕೆಗಿಂತ ಬಹಳ ಇದೆ.

ಬಿಳಿ ಪರದೆ, ಹಿಂದೆ ದೀಪ, ನಡುವೆ ಹದ ಮಾಡಿ ಬಣ್ಣ ತುಂಬಿದ ತೊಗಲು. ಗೊಂಬೆಯ ಮುಖ ಬಹುಮಟ್ಟಿಗೆ ಒಂದು ಪಕ್ಕಕ್ಕೆ ತಿರುಗಿರುತ್ತದೆ. ಬಾಯಿ ತೆರೆಯುವುದೇ ಇಲ್ಲ. ಎಷ್ಟೋ ಗೊಂಬೆಗಳು ಒಂದೇ ಹಾಳೆ, ಕೆಲವಕ್ಕೆ ಮಾತ್ರ ಒಂದು ಕೈಯೋ ತಲೆಯೋ ಕೀಲಿನ ಮೇಲೆ ಆಡುತ್ತದೆ. ಆದರೂ ಯಾರು ಮಾತಾಡುತ್ತಿದ್ದಾರೆ ಎಂದು ಮುಂದೆ ಕೂತ ನಾಲ್ಕು ವರ್ಷದ ಕೂಸಿಗೂ ಗೊತ್ತಾಗುತ್ತದೆ. ಹೇಗೆ? ಮಾತಾಡುವ ಗೊಂಬೆ ಮಾತ್ರ ಅಲುಗುತ್ತದೆ, ಕೇಳುವ ಗೊಂಬೆ ಪರದೆಗೆ ಅಂಟಿಕೊಂಡ ಹಾಗೆ ನಿಂತಿರುತ್ತದೆ. ಅಲುಗುವುದೂ ಅಕ್ಷರಕ್ಕೊಂದು ಸಲ ಅಲ್ಲ, ಒತ್ತು ಬಿದ್ದ ಮಾತಿಗೆ ಒಂದು ಸಲ. ಧ್ವನಿ ಮುಂದೆ ನಡೆಯುತ್ತದೆ, ತೊಗಲು ಅದರ ಹಿಂದೆ ಬರುತ್ತದೆ. ಕಡಿಮೆ ಚಿತ್ರಗಳಲ್ಲಿ ಹೆಚ್ಚು ಜೀವ ತುಂಬಬೇಕಾದ ಟಿವಿ ಅನಿಮೇಷನ್ ಪಾಲಿಸುವ ನಿಯಮ ಕೂಡ ಇದೇ. 1926ರಲ್ಲಿ ಜರ್ಮನಿಯ ಲೊಟ್ಟೆ ರೈನಿಗರ್ ಕಪ್ಪು ಕಾಗದ ಕತ್ತರಿಸಿ, ಕೀಲು ಜೋಡಿಸಿ, ಮೂರು ವರ್ಷ ಕೂತು ಪೂರ್ಣಪ್ರಮಾಣದ ನೆರಳು ಚಿತ್ರ ಮುಗಿಸಿದ್ದೂ ನೆರಳುಗೊಂಬೆಯ ಈ ಜಾಣ್ಮೆಯ ಮೇಲೆ ನಿಂತೇ.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಗೊಂಬೆಯಾಟದಲ್ಲಿ ರಾಮನಿಗೆ, ರಾವಣನಿಗೆ ಪದ್ಯ, ಗಂಭೀರ ಮಾತು. ಓಣಿಯ ಮಾತು ಬರುವುದು ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ನಗಿಸುವ ಜೋಡಿಗೆ. ಅಲ್ಲಿ ಆ ಜೋಡಿಗೆ ದೊಡ್ಡ ಅಧಿಕಾರ ಇತ್ತು. ರಾಜನನ್ನೂ ಊರಗೌಡನನ್ನೂ ಚುಚ್ಚಿ ಮಾತಾಡುವ ಸಲುಗೆ ಅದು. ಸಿನಿಮಾಕ್ಕೆ, ಟಿವಿಗೆ ಬರುವ ಹೊತ್ತಿಗೆ ಆ ಅಧಿಕಾರ ಹೋಗಿ ಬರೀ ನಗೆ ಉಳಿಯಿತು. ಉತ್ತರ ಕರ್ನಾಟಕದ ಮಾತು ಆಡುವವನು ಹಾಸ್ಯಪಾತ್ರ, ಅಡುಗೆಯವನು, ಇಲ್ಲವೇ ಪೈಲ್ವಾನ. ಇದನ್ನು ನೋಡಿ ಬೆಳೆದ ಮಗು ತನ್ನ ಮಾತಿನಲ್ಲಿ ಸಾಹಸ ಮಾಡಲು ಹಿಂಜರಿದರೆ ಆಶ್ಚರ್ಯವೇನಿದೆ? ಹಾಗಾಗಿ ನಮ್ಮ ಮಾತಿನ ಕಾರ್ಟೂನು ಮಾಡುವವರು ಆ ಮಾತನ್ನು ನಗೆಯ ಪಾತ್ರಕ್ಕಷ್ಟೇ ಕೊಟ್ಟು ಕೂಡಬಾರದು. ಹೆದರುವ ಪಾತ್ರಕ್ಕೆ, ಸಿಟ್ಟಾಗುವ ಪಾತ್ರಕ್ಕೆ, ಕೊನೆಗೆ ಗೆಲ್ಲುವ ಪಾತ್ರಕ್ಕೂ ಕೊಡಬೇಕು.

ಕೌದಿಯೊಳಗಿನ ಸ್ಟುಡಿಯೋ

ಇದನ್ನು ಮಾಡಲು ಕಂಪನಿ ಬೇಕಿಲ್ಲ. ಒಂದು ಮೊಬೈಲು, ಚೌಕಟ್ಟು ಚೌಕಟ್ಟಾಗಿ ಫೋಟೋ ಹಿಡಿಯುವ ಒಂದು ಸ್ಟಾಪ್ ಮೋಷನ್ ಆ್ಯಪ್, ಎರಡು ಬಲ್ಬು, ಮನೆಯಲ್ಲಿ ಬಿದ್ದಿರುವ ಮದುವೆ ಕಾರ್ಡುಗಳು ಸಾಕು. ಕಥೆಗೆ ಕಾಗಕ್ಕ ಗುಬ್ಬಕ್ಕನಿಗಿಂತ ಒಳ್ಳೆಯದು ಸಿಗುವುದಿಲ್ಲ. ಮಳೆ ಬರುತ್ತದೆ, ಕಾಗಕ್ಕನ ಸಗಣಿ ಮನೆ ಕರಗುತ್ತದೆ, ಗುಬ್ಬಕ್ಕನ ಬಾಗಿಲಿಗೆ ಬಂದು ಕೂಗುತ್ತದೆ. ಗುಬ್ಬಕ್ಕ ಕೂಸಿಗೆ ಎಣ್ಣೆ ಹಚ್ಚುತ್ತಾಳೆ, ನೀರು ಹಾಕುತ್ತಾಳೆ, ತೊಟ್ಟಿಲಿಗೆ ಹಾಕುತ್ತಾಳೆ, ಬಾಗಿಲು ಮಾತ್ರ ತೆಗೆಯುವುದಿಲ್ಲ. ಕೇಳುವ ಮಗುವಿಗೆ ಈ ಮರುಕಳಿಕೆಯೇ ರುಚಿ. ಫೋಟೋ ಹಿಡಿಯುವವರಿಗೆ ಅದೇ ಉಳಿತಾಯ: ಕಾಗೆ ಮೂರು ಸಲ ಕೂಗಿದರೂ ಹಿಡಿಯಬೇಕಾದದ್ದು ಒಂದೇ ಸಲ.

ಧ್ವನಿ ಮೊದಲು. ರಾತ್ರಿ ಟಂಟಂ ಓಡಾಟ ನಿಂತ ಮೇಲೆ, ಫ್ಯಾನ್ ಆರಿಸಿ, ಇಬ್ಬರು ಮೂವರು ತಲೆಯ ಮೇಲೆ ದಪ್ಪ ಕೌದಿ ಹೊದ್ದು ಕೂಡಬೇಕು. ಗೋಡೆಗೆ ಬಡಿದು ಬರುವ ಮಾರ್ದನಿಯನ್ನು ಅದು ನುಂಗುತ್ತದೆ. ಪದರ ಪದರ ಹಳೆ ಸೀರೆ ಸೇರಿಸಿ ಹೊಲಿದ ಕೌದಿಯಷ್ಟು ಚೆನ್ನಾಗಿ ಈ ಕೆಲಸ ತೆಳು ಚಾದರ ಮಾಡುವುದಿಲ್ಲ. ಮೊಬೈಲು ಬಾಯಿಂದ 15ರಿಂದ 20 ಸೆಂಟಿಮೀಟರ್ ದೂರ, ನೇರ ಎದುರಿಗಲ್ಲದೆ ಸ್ವಲ್ಪ ಓರೆಗೆ ಇರಲಿ. ನೇರ ಹಿಡಿದರೆ ‘ಬ’, ‘ಪ’ ಅಂದಾಗ ಬರುವ ಗಾಳಿ ಮೈಕಿಗೆ ಬಡಿದು ‘ಧಬ್’ ಎನ್ನುತ್ತದೆ. ಒಂದೊಂದು ಸಾಲನ್ನು ಐದು ಸಲ ಹಿಡಿಯಿರಿ, ಸಾಲಿಗೆ ಮೊದಲು ಎರಡು ಸೆಕೆಂಡು ಮೌನ ಬಿಡಿ.

ತಪ್ಪುವುದು ಇಲ್ಲೇ. ಅಲ್ಲಿಯವರೆಗೆ ಸರಾಗವಾಗಿ ‘ಗುಬ್ಬಕ್ಕ, ಗುಬ್ಬಕ್ಕ, ಬಾಗ್ಲಾ ತಗಿ’ ಎನ್ನುತ್ತಿದ್ದ ಹುಡುಗಿ, ಕೆಂಪು ಗುಂಡಿ ಒತ್ತಿದ ಕೂಡಲೇ ಬೆನ್ನು ನೆಟ್ಟಗೆ ಮಾಡಿ, ‘ಗುಬ್ಬಕ್ಕ, ದಯವಿಟ್ಟು ಬಾಗಿಲು ತೆಗೆಯಿರಿ’ ಎನ್ನುತ್ತಾಳೆ. ಶಾಲೆಯ ವೇದಿಕೆಯ ಧ್ವನಿ ಅದು. ‘ಹಾಗಲ್ಲ, ಮನೆಯಲ್ಲಿ ಆಡುವ ಹಾಗೆ ಆಡು’ ಎಂದು ತಿದ್ದಿದರೆ ಇನ್ನೂ ಬಿಗಿಯುತ್ತಾಳೆ. ಕೈಯಲ್ಲಿ ಹಾಳೆ ಇದ್ದರಂತೂ ಮುಗಿಯಿತು, ಓದುವ ಧಾಟಿ ಬಂದೇ ಬರುತ್ತದೆ. ಹಾಳೆ ತೆಗೆದಿಟ್ಟು, ಎದುರಿಗೆ ತಮ್ಮನನ್ನೋ ತಂಗಿಯನ್ನೋ ಕೂಡಿಸಿ, ‘ಇವನಿಗೆ ಕಥಿ ಹೇಳು’ ಎನ್ನಬೇಕು. ರೆಕಾರ್ಡರು ಮೊದಲಿನಿಂದಲೇ ಓಡುತ್ತಿರಲಿ. ಹತ್ತು ನಿಮಿಷದ ಕಥೆಯಲ್ಲಿ ಬೇಕಾದ ಆರು ಸಾಲು ಸಿಕ್ಕೇ ಸಿಗುತ್ತವೆ. ಗುಬ್ಬಕ್ಕನ ‘ತಡಿಯವ್ವ, ಕೂಸಿಗೆ ಎಣ್ಣಿ ಹಚ್ಚಾಕತ್ತೀನಿ’ ಎಂಬ ಸಾಲಿಗೆ ಅಜ್ಜಿಯ ಧ್ವನಿ ಇಟ್ಟರೆ ಚಂದ. ಬಾಗಿಲು ತೆಗೆಯದಿರುವ ನಿಧಾನ ಆ ಧ್ವನಿಯಲ್ಲೇ ಇರುತ್ತದೆ.

ಆಮೇಲೆ ಚೌಕಟ್ಟಿನ ಹಾಳೆ. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಗೆರೆಗೊಂದು ಚೌಕಟ್ಟಿನ ಅಂಕಿ ಹಾಕಿ. ಕಾಗಕ್ಕನ ಕೂಗು ಮೂರು ಸೆಕೆಂಡು ಇದೆ ಎಂದುಕೊಳ್ಳಿ, ಸೆಕೆಂಡಿಗೆ 12ರಂತೆ 36 ಚೌಕಟ್ಟು. ಧ್ವನಿಯನ್ನು ನಿಧಾನಕ್ಕೆ ಓಡಿಸಿ ಕೇಳುತ್ತ ಹಂಚಬೇಕು. ಮೊದಲ ‘ಗುಬ್ಬಕ್ಕ’ 8, ಬಿಡುವು 2, ಎರಡನೆಯದು 8, ಬಿಡುವು 3, ‘ಬಾಗ್ಲಾ’ 7, ‘ತಗಿ’ 5, ಕೊನೆಗೆ ಕೊಕ್ಕು ತೆರೆದೇ ನಿಲ್ಲುವುದು 3. ಒಂದು ‘ಗುಬ್ಬಕ್ಕ’ದ ಒಳಗೆ ಹೋದರೆ: ‘ಗು’ ಅರ್ಧ ತೆರೆದ ಕೊಕ್ಕು 2 ಚೌಕಟ್ಟು, ‘ಬ್ಬ’ಕ್ಕೆ ಮುಚ್ಚಿದ್ದು 2, ಅದರ ‘ಅ’ ತೆರೆದದ್ದು 1, ‘ಕ್ಕ’ದ ತಡೆಗೆ ಅರ್ಧ 1, ಕೊನೆಯ ‘ಅ’ ಪೂರ್ತಿ ತೆರೆದದ್ದು 2. ಇಲ್ಲಿ ಮುಖ್ಯವಾದದ್ದು ‘ಬ್ಬ’ದ ಎರಡು ಚೌಕಟ್ಟು. ಯಾವ ಉಚ್ಚಾರಕ್ಕೆ ಯಾವ ಬಾಯಿ ಎಂದು ತೋರಿಸುವ ಇಂಗ್ಲಿಷಿನ ಪಟ್ಟಿಗಳನ್ನು ನೋಡಿ ಮಾಡುವವರು ಒಂದೇ ಚೌಕಟ್ಟು ಮುಚ್ಚಿ ಮುಂದೆ ಹೋಗುತ್ತಾರೆ, ಆಗ ಕಿವಿಗೆ ‘ಗುಬ್ಬಕ್ಕ’ ಕೇಳುತ್ತಿದ್ದರೂ ಕಣ್ಣಿಗೆ ‘ಗುಬಕ’ ಕಾಣುತ್ತದೆ. ಕನ್ನಡದ ಒತ್ತಕ್ಷರ ನಿಂತು ಬರುವ ಅಕ್ಷರ. ಆ ನಿಲುಗಡೆ ಕಣ್ಣಿಗೂ ಸಿಗಬೇಕು.

ಮನುಷ್ಯ ಮುಖ ಮಾಡುವುದಾದರೆ ಐದಾರು ಬಾಯಿ ಬೇಕಾಗುತ್ತದೆ. ‘ಪ, ಬ, ಮ’ಕ್ಕೆ ಮುಚ್ಚಿದ್ದು, ‘ಅ, ಆ’ಕ್ಕೆ ಅಗಲ, ‘ಇ, ಎ’ಗೆ ಚಪ್ಪಟೆ, ‘ಉ, ಒ’ಗೆ ದುಂಡಗೆ, ‘ವ’ಕ್ಕೆ ಕೆಳತುಟಿ ಹಲ್ಲಿಗೆ ತಾಗಿದ್ದು, ‘ತ, ದ, ಲ’ಕ್ಕೆ ನಾಲಗೆ ಕಾಣುವಂಥದ್ದು. ‘ಳ, ಣ, ಟ’ಗೆ ನಾಲಗೆ ಒಳಗೆ ಮಡಚುವುದರಿಂದ ಹೊರಗೆ ಏನೂ ಕಾಣದು, ಅರ್ಧ ತೆರೆದ ಬಾಯಿ ಸಾಕು. ನಮ್ಮ ಕಡೆ ‘ಮನೆ’ ‘ಮನಿ’ ಆಗುತ್ತದೆ, ‘ಅದಕ್ಕೆ’ ‘ಅದಕ್ಕ’ ಆಗುತ್ತದೆ. ಬರೆದ ಕನ್ನಡ ನೋಡಿ ಬಾಯಿ ಕೂಡಿಸಿದರೆ ಪದದ ಕೊನೆಯ ಆಕಾರ ಮತ್ತೆ ಮತ್ತೆ ತಪ್ಪುತ್ತದೆ. ಕಿವಿಗೆ ಕೇಳಿದ್ದನ್ನೇ ಬರೆದುಕೊಳ್ಳಬೇಕು.

ಮದುವೆ ಕಾರ್ಡಿನ ಕಾಗೆ

ಕಾರ್ಡಿನ ಹಿಂಬದಿಯಲ್ಲಿ ಬರೆದು ಕತ್ತರಿಸಿ: ಮೈ, ರೆಕ್ಕೆ, ಮೇಲ್ಕೊಕ್ಕು ಸೇರಿದ ತಲೆ, ಕೆಳಕೊಕ್ಕು. ನಾಲ್ಕೇ ತುಂಡು. ಮೈ 12 ಸೆಂಟಿಮೀಟರ್ ಇದ್ದರೆ ಎ3 ಅಳತೆಯ ಹಿನ್ನೆಲೆಗೆ ಸರಿ. ಕೀಲು ಬರುವ ತುದಿಗಳನ್ನು ದುಂಡಗೆ ಕತ್ತರಿಸಿ, ಆ ದುಂಡಿನ ನಟ್ಟನಡುವೆ ಸೂಜಿಯಿಂದ ತೂತು ಮಾಡಿ, ದಪ್ಪ ದಾರ ಹಾಯಿಸಿ ಎರಡೂ ಬದಿ ಗಂಟು ಹಾಕಿ. ತೂತು ನಡುವಿನಿಂದ ಸರಿದರೆ ತಲೆ ತಿರುಗಿಸಿದಾಗ ಕುತ್ತಿಗೆಯಲ್ಲಿ ಸಂದು ಬಾಯಿಬಿಡುತ್ತದೆ. ಗಂಟು ಬಿಗಿಯಾದರೆ ರೆಕ್ಕೆ ಎತ್ತಲು ಹೋದಾಗ ಇಡೀ ಕಾಗೆ ತಿರುಗುತ್ತದೆ. ಸಡಿಲಾದರೆ ಮುಟ್ಟಿದ್ದೆಲ್ಲ ಜಾರುತ್ತದೆ. ಮಿಲಿಮೀಟರಿನಷ್ಟು ಸಡಿಲು ಬಿಟ್ಟು ಗಂಟು ಹಾಕುವುದು ಎರಡು ಮೂರು ಸಲ ಮಾಡಿದ ಮೇಲೆ ಕೈಗೆ ಹತ್ತುತ್ತದೆ. ಕೊಕ್ಕಿನ ತುದಿ ಅರ್ಧಕ್ಕೆ 5 ಮಿಲಿಮೀಟರ್, ಪೂರ್ತಿಗೆ 10 ತೆರೆಯಲಿ. ತುಂಡುಗಳು ಸರಿಯದಿರಲಿ ಎಂದು ಕೆಲವರು ಹಿಂದೆ ಮೇಣದ ಹನಿ ಇಡುತ್ತಾರೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ಅದು ಮೆತ್ತಗಾಗಿ ಹಿನ್ನೆಲೆಗೆ ಎಣ್ಣೆಕಲೆ ಕೂಡುತ್ತದೆ. ಮೇಲೆ 4 ಮಿಲಿಮೀಟರ್ ದಪ್ಪದ ಗಾಜು ಇಡುವುದು ಮೇಲು.

ಎರಡು ಪ್ಲಾಸ್ಟಿಕ್ ಸ್ಟೂಲು, ಮೇಲೆ ಹಲಗೆ, ಹಲಗೆಯ ಅಂಚಿನಲ್ಲಿ ಕ್ಯಾಮೆರಾ ಹೊರಗೆ ಬಂದು ಕೆಳಗೆ ನೆಲಕ್ಕೆ ಹಾಸಿದ ಹಿನ್ನೆಲೆಯತ್ತ ಇಣುಕುವ ಹಾಗೆ ಮೊಬೈಲು, ಅದರ ಬಾಲದ ಮೇಲೆ ಭಾರದ ಪುಸ್ತಕ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲವಾದರೆ 200ನೇ ಚಿತ್ರದಲ್ಲಿ ಯಾರದೋ ಕರೆ ಬಂದು ಮೊಬೈಲು ನಡುಗಿ ಚೌಕಟ್ಟು ಸರಿಯುತ್ತದೆ. ಫೋಕಸ್, ಬೆಳಕು, ಬಿಳುಪಿನ ಹದ (ವೈಟ್ ಬ್ಯಾಲೆನ್ಸ್) ಮೂರನ್ನೂ ಲಾಕ್ ಮಾಡಲೇಬೇಕು. ಬಿಟ್ಟರೆ ಕಪ್ಪು ಕಾಗೆ ನಡುವೆ ಬಂದಾಗಲೆಲ್ಲ ಮೊಬೈಲು ತಾನೇ ಬೆಳಕು ಹೆಚ್ಚಿಸಿ, ಓಡಿಸಿದಾಗ ಇಡೀ ಚಿತ್ರ ಮಿಣುಕುತ್ತದೆ. ಗುಂಡಿಯನ್ನು ಬೆರಳಿಂದ ಒತ್ತದೆ ಇಯರ್‌ಫೋನಿನ ಬಟನ್ನಿನಿಂದ ಒತ್ತಿ.

ಬೆಳಕಿಗೆ 9 ವ್ಯಾಟಿನ ಎರಡು ಒಂದೇ ಥರದ ಎಲ್‌ಇಡಿ ಬಲ್ಬು, ಎರಡೂ ಬದಿ 45 ಡಿಗ್ರಿ ಓರೆಗೆ. ಹಾಗಿಟ್ಟರೆ ಗಾಜಿನ ಹೊಳಪು ಕ್ಯಾಮೆರಾಕ್ಕೆ ಬರುವುದಿಲ್ಲ. ಕಿಟಕಿ ಮುಚ್ಚಿ. ಹಗಲಿನ ಬೆಳಕು ಎರಡು ಫೋಟೋಗಳ ನಡುವೆಯೇ ಬದಲಾಗುತ್ತದೆ, ಮೋಡ ಹಾದರಂತೂ ಕೇಳುವುದೇ ಬೇಡ. ಬಲ್ಬಿನಿಂದ ಚಿತ್ರದಲ್ಲಿ ಅಡ್ಡಪಟ್ಟೆ ಕಂಡರೆ, ನಮ್ಮ ಕರೆಂಟಿನ 50 ಹರ್ಟ್ಸ್‌ಗೆ ಹೊಂದುವಂತೆ ಶಟರನ್ನು ಸೆಕೆಂಡಿನ ಐವತ್ತನೆಯ ಅಥವಾ ನೂರನೆಯ ಒಂದು ಭಾಗಕ್ಕೆ ಇಡಿ. ಬಿಳಿ ಅಂಗಿ ಹಾಕಿದವರು ಬಾಗಿದಾಗ ಅದರ ಬೆಳಕೂ ಚಿತ್ರಕ್ಕೆ ಬೀಳುತ್ತದೆ, ಕಪ್ಪು ಅಂಗಿ ಹಾಕಿ ಕೂಡಬೇಕು. ಫ್ಯಾನ್ ಹಾಕುವ ಹಾಗಿಲ್ಲ, ಆದ್ದರಿಂದ ಬೇಸಿಗೆಯಲ್ಲಿ ಈ ಕೆಲಸ ನಸುಕಿಗೇ ಸರಿ. ನಡುವೆ ಕರೆಂಟು ಹೋದರೆ ಯಾವುದನ್ನೂ ಮುಟ್ಟದೆ ಕಾಯುವುದೇ ಉಪಾಯ.

ಕಾಗೆ ನಡೆದು ಬಾಗಿಲಿಗೆ ಬರುವುದಕ್ಕೆ ಮೊದಲ ಸಲ ಮಾಡುವವರು ಪ್ರತಿ ಚಿತ್ರಕ್ಕೂ ಒಂದೇ ಅಳತೆ ಸರಿಸುತ್ತಾರೆ. ಓಡಿಸಿ ನೋಡಿದರೆ ಕಾಗೆ ತಳ್ಳುಗಾಡಿಯ ಮೇಲೆ ಕೂತ ಹಾಗೆ ಜಾರುತ್ತದೆ. ಒಂದು ಕುಪ್ಪಳಿಕೆಗೆ 8 ಚೌಕಟ್ಟು ತೆಗೆದುಕೊಂಡು 2, 4, 8, 12, 12, 8, 4, 2 ಮಿಲಿಮೀಟರ್ ಸರಿಸಿ. 52 ಮಿಲಿಮೀಟರಿನ ಆ ಕುಪ್ಪಳಿಕೆಯಲ್ಲಿ ಕಾಗೆಗೆ ತೂಕ ಬರುತ್ತದೆ. ಮಾತಿನ ಒತ್ತಿಗೆ ತಲೆ ಎತ್ತುವುದಾದರೆ ಒತ್ತಿಗಿಂತ ಒಂದೆರಡು ಚೌಕಟ್ಟು ಮೊದಲೇ ಎತ್ತಲು ಶುರು ಮಾಡಿ. ಅದೇ ಹೊತ್ತಿನಲ್ಲಿ ಗುಬ್ಬಕ್ಕ ಕಿಟಕಿಯಲ್ಲಿ ಅಲುಗದೆ ಇರಲಿ.

ಮಳೆಯನ್ನು ಮೂರು ಲ್ಯಾಮಿನೇಷನ್ ಹಾಳೆಯ ಮೇಲೆ ಬಿಳಿ ಬಣ್ಣದಲ್ಲಿ ಓರೆಗೆರೆಯಾಗಿ ಬರೆದು, ಪ್ರತಿ ಫೋಟೋಗೆ ಒಂದು, ಎರಡು, ಮೂರು ಎಂದು ಸರದಿಯಲ್ಲಿ ಬದಲಿಸಿ. ಕೂಗಿನ 36 ಚೌಕಟ್ಟು ಮೂರರಿಂದ ಸರಿಯಾಗಿ ಭಾಗವಾಗುವುದರಿಂದ ಅದೇ ತುಣುಕನ್ನು ಮತ್ತೆ ಜೋಡಿಸಿದಾಗ ಮಳೆ ಎಲ್ಲೂ ತುಂಡಾಗುವುದಿಲ್ಲ. 35 ಹಿಡಿದರೆ ಜೋಡಣೆಯ ಜಾಗದಲ್ಲಿ ಮಳೆ ಒಮ್ಮೆ ಎಡವುತ್ತದೆ, ಮಕ್ಕಳೇ ಮೊದಲು ಅದನ್ನು ಕಂಡುಹಿಡಿಯುತ್ತಾರೆ. ಒಂದೂವರೆ ನಿಮಿಷದ ಚಿತ್ರಕ್ಕೆ ಲೆಕ್ಕದಲ್ಲಿ 1080 ಚೌಕಟ್ಟು. ಮರುಕಳಿಕೆ, ನಿಲುಗಡೆ ಕಳೆದರೆ ನಿಜವಾಗಿ ಹಿಡಿಯುವುದು ಅದರ ಅರ್ಧದ ಸುತ್ತಮುತ್ತ. ಅರ್ಧ ನಿಮಿಷಕ್ಕೆ ಒಂದರಂತೆ ಹಿಡಿದರೂ ಇಬ್ಬರು ಮಕ್ಕಳಿಗೆ ನಾಲ್ಕೈದು ಗಂಟೆಯ ಕೆಲಸ, ಎರಡು ಮೂರು ದಿನಕ್ಕೆ ಹಂಚಿಕೊಳ್ಳಬಹುದು.

ಧ್ವನಿಯ ಕಡತವನ್ನೂ ಚೌಕಟ್ಟಿನ ಹಾಳೆಯನ್ನೂ ಎತ್ತಿಡಿ. ರಜೆಗೆ ರಾಯಚೂರಿನಿಂದ ಬಂದ ಮಕ್ಕಳು ‘ನಮ್ಮ ಕಡಿ ಹಿಂಗ ಅನ್ನಂಗಿಲ್ಲ’ ಎಂದು ತಕರಾರು ತೆಗೆದೇ ತೆಗೆಯುತ್ತಾರೆ. ಮೂರೇ ಆಕಾರದ ಕೊಕ್ಕಾದ್ದರಿಂದ ಅದೇ ಚಿತ್ರಕ್ಕೆ ಅವರ ಧ್ವನಿಯೂ ಕೂಡುತ್ತದೆ. ‘ಬ್ಬ’ದ ಎರಡು ಚೌಕಟ್ಟು ಮುಚ್ಚಿದ ಜಾಗಕ್ಕೆ ಸರಿಯಾಗಿ ಬೀಳುವ ಹಾಗೆ ಅವರ ‘ಗುಬ್ಬಕ್ಕ’ವನ್ನು ಒಂದೆರಡು ಚೌಕಟ್ಟು ಹಿಂದೆ ಮುಂದೆ ಸರಿಸಿದರಾಯಿತು.